ತಣ್ಣಗಿನ ಬೀಗದಕೈ

ಅಂದು ಬೆಳ್ಳಂಬೆಳಗ್ಗೆ ಫೋನು ಕಿರುಚಿಕೊಂಡದ್ದೇ ಎಲ್ಲ ಎಡವಟ್ಟಿಗೂ ಮೂಲ. ಬಿಸಿಲು ಬಂದು ಮೂಗಿನ ಮೇಲೆ ಕೂತ ಮೇಲಷ್ಟೇ ಕಣ್ಣು ಬಿಡುವ ಅಳಿಯಂದಿರು, ಇನ್ನೂ ಮಬ್ಬುಗತ್ತಲೆ ಇರುವಾಗಲೇ ಎದ್ದು ಕೂತರು.

ಅವರು ತರಕಾರಿ ಮಾರುಕಟ್ಟೆಯ ಸೊಪ್ಪಿನಮ್ಮನ ಮನೆಅಳಿಯ. ಆದರೆ ಇಡೀ ಮಾರುಕಟ್ಟೆಯೇ ಹಾಗೆ ಕರೆದೂ ಕರೆದೂ ಊರಿಗೆಲ್ಲ ಅಳಿಯಂದಿರಾಗಿದ್ದರು. ಅತ್ತೆ ಬಡಿಸಿದಷ್ಟು ಊಟ, ಅತ್ತೆ ಹೇಳಿದ ಹೊತ್ತಿಗೆ ಸ್ನಾನ, ರಾತ್ರಿ ಅತ್ತೆಯೇ ಕೈಗಿಡುವ ಬಿಸಿ ಹಾಲು, ಆಮೇಲೆ ಕುಂಭಕರ್ಣನ ನಿದ್ದೆ. ಅತ್ತೆಯ ಮಾತು ನಡೆಯದ ಒಂದೇ ಒಂದು ಜಾಗ ಭೂಮಿಯ ಮೇಲೆ ಬೇಕು ಎಂದು ಅವರು ಹಂಬಲಿಸುತ್ತಿದ್ದಾಗಲೇ ಸಿಕ್ಕಿದ್ದು ತಂಪುಮನೆಯ ಕಾವಲು ಕೆಲಸ.

ತಂಪುಮನೆ ಎಂದರೆ ಮಾರುಕಟ್ಟೆಯ ಮೂಲೆಯಲ್ಲಿ ಎದ್ದು ನಿಂತ ಬಿಳಿಯ ಕೋಣೆ. ಬಿಸಿಲಿನಿಂದಲೇ ಓಡುವ ಯಂತ್ರ ಅದನ್ನು ಹಗಲೂ ರಾತ್ರಿ ತಣ್ಣಗಿಡುತ್ತಿತ್ತು. ಮಾರಾಟವಾಗದ ತರಕಾರಿ ಕೊಳೆತು ಚರಂಡಿ ಸೇರದಿರಲಿ ಎಂದು ಮೂರು ದೇಶಗಳು ಕೈಜೋಡಿಸಿ ಕೊಟ್ಟದ್ದು. ಒಂದು ದೇಶ ಹಣ ಹಾಕಿತ್ತು, ಒಂದು ಯಂತ್ರ ಕಳಿಸಿತ್ತು, ಮೂರನೆಯದು ನಮ್ಮಂಥದೇ ಬಡ ದೇಶ, ತನ್ನ ಅನುಭವ ಕೊಟ್ಟಿತ್ತು. ನಮ್ಮ ಕಡೆಯಿಂದ ಕೊಟ್ಟದ್ದು ಒಂದು ಬೀಗ, ಅದನ್ನೂ ವಿದೇಶದಿಂದಲೇ ತರಿಸಿದ್ದು. "ವಿದೇಶದವರು ನೋಡೋಕೆ ಬರೋವರೆಗೂ ಒಂದು ಎಲೆಯೂ ಒಳಗೆ ಹೋಗಬಾರದು, ಹೊಸದರ ಥರಾನೇ ಇರಬೇಕು. ನೀನೂ ಬಾಗಿಲು ತೆಗೀಬೇಡ, ತಂಪು ಆಚೆ ಹೋಗುತ್ತೆ" ಎಂದು ಅಧಿಕಾರಿ ಸಾಹೇಬರು ಅಪ್ಪಣೆ ಮಾಡಿದ್ದರು. "ಅತಿಥಿಗಳು ಮೆಚ್ಚಿ ಹೋದ್ರೆ ನಿನ್ನ ಕೆಲಸ ಖಾಯಂ. ಪಕ್ಕದ ಎರಡು ಕೋಣೆ ನಿನಗೇ, ಹೆಂಡತೀನ ಕರ್ಕೊಂಡು ಬಂದಿರು."

ಎರಡು ಕೋಣೆ! ಸ್ವಂತ ಬಾಗಿಲು! ಅಂದಿನಿಂದ ಅಳಿಯಂದಿರು ಹಗಲೆಲ್ಲ ಕೋಲು ಹಿಡಿದು, ಬುಟ್ಟಿ ಹೊತ್ತು ಹತ್ತಿರ ಬಂದ ಹೆಂಗಸರನ್ನು ಕಾಗೆ ಓಡಿಸಿದ ಹಾಗೆ ಓಡಿಸಿದರು. ರಾತ್ರಿ ಬೀಗದಕೈಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರು. ಬೆಳಗ್ಗೆ ಮುಟ್ಟಿದರೆ ಅದು ಮಂಜುಗಡ್ಡೆಯ ಹಾಗೆ ತಣ್ಣಗಿರುತ್ತಿತ್ತು. 'ವಿದೇಶಿ ಲೋಹ ಅಂದ್ರೆ ಹೀಗಿರಬೇಕು' ಎಂದು ದಿನವೂ ಮೆಚ್ಚಿಕೊಳ್ಳುತ್ತಿದ್ದರು.

"ಎದ್ದಿದ್ದೀಯೇನಯ್ಯಾ?" ಫೋನಿನಲ್ಲಿ ಸಾಹೇಬರ ಧ್ವನಿ ನಡುಗುತ್ತಿತ್ತು. "ಅತಿಥಿಗಳು ಇವತ್ತೇ ಬರ್ತಿದ್ದಾರೆ!"

"ಬರ್ಲಿ ಬಿಡಿ ಸಾರ್. ಒಂದು ನೊಣಾನೂ ಒಳಗೆ ಬಿಟ್ಟಿಲ್ಲ."

"ಅದೇ ಕಣಯ್ಯಾ ಕುತ್ತಿಗೆಗೆ ಬಂದಿರೋದು! ಕೋಣೆ ಬಳಕೆಯಲ್ಲಿ ಇರಬೇಕಂತೆ. ಖಾಲಿ ಇದ್ರೆ ಕಿತ್ಕೊಂಡು ಬೇರೆ ಊರಿಗೆ ಸಾಗಿಸ್ತಾರಂತೆ. ನನಗೂ ಈಗಲೇ ಗೊತ್ತಾಗಿದ್ದು. ಹೋಗು, ಏನು ಸಿಕ್ಕುತ್ತೋ ತುಂಬು!"

ಅಳಿಯಂದಿರು ದಿಂಬಿನಡಿ ಕೈ ಹಾಕಿದರು. ಬೀಗದಕೈ ಇಲ್ಲ! ಹಾಸಿಗೆ ಕೊಡವಿದರು, ಮಂಚದಡಿ ತೆವಳಿದರು, ನಿದ್ದೆಯಲ್ಲಿದ್ದ ಹೆಂಡತಿಯನ್ನು ಉರುಳಿಸಿ ನೋಡಿದರು. ಅತ್ತೆಯನ್ನು ಕೇಳೋಣವೆಂದರೆ ಅವರು ಎಂದಿನಂತೆ ಆಗಲೇ ಮಾರುಕಟ್ಟೆಗೆ ಹೋಗಿಯಾಗಿತ್ತು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಓಡಿದರು.

ಮಾರುಕಟ್ಟೆಯಲ್ಲಿ ಹೆಂಗಸರೆಲ್ಲ ತಂಪುಮನೆಯ ಮುಂದೆಯೇ ಗುಂಪುಗೂಡಿದ್ದರು. ಇವರನ್ನು ಕಂಡದ್ದೇ ತಡ, ಬೆಕ್ಕು ಕಂಡ ಇಲಿಗಳ ಹಾಗೆ ಚದುರಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಅತ್ತೆ ಮಾತ್ರ ಎಲ್ಲೂ ಕಾಣಲಿಲ್ಲ.

"ಅಕ್ಕಾ, ಒಂದು ಬುಟ್ಟಿ ಟೊಮೆಟೊ ಕೊಡಿ. ತಂಪುಮನೇಲಿ ಇಟ್ಟು ಸಂಜೆ ವಾಪಸ್ ಕೊಡ್ತೀನಿ" ಎಂದು ಅಳಿಯಂದಿರು ಕೈಮುಗಿದರು.

ಟೊಮೆಟೊ ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಅಯ್ಯೋ, ನಮ್ಮ ಬುಟ್ಟಿ ತಾಗಿದ್ರೆ ಗೋಡೆಗೆ ನೆಗಡಿ ಆಗುತ್ತೆ ಅಂತ ಮೊನ್ನೆ ತಾನೇ ಓಡಿಸಿದ್ರಲ್ಲ ಅಳಿಯಂದಿರೇ! ಕೋಲೆಲ್ಲಿ ಇವತ್ತು?"

"ತಪ್ಪಾಯ್ತು ತಾಯಿ!"

"ತಪ್ಪಾಯ್ತಂತೆ ಕೇಳಿಸ್ಕೊಳ್ರೇ!" ಅವಳು ಬುಟ್ಟಿ ಕವುಚಿ ತೋರಿಸಿದಳು. "ಕೊಡೋಣ ಅಂದ್ರೂ ಏನೂ ಇಲ್ಲವಲ್ಲ."

ನಿಜಕ್ಕೂ ಎಲ್ಲರ ಬುಟ್ಟಿಯೂ ಬರಿದು. ಇಡೀ ಮಾರುಕಟ್ಟೆಯನ್ನು ಯಾರೋ ನೆಕ್ಕಿಟ್ಟ ಹಾಗಿತ್ತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಅಲೆದಾಡಿ ಅಳಿಯಂದಿರು ಸಂಪಾದಿಸಿದ್ದು ಒಂದು ಡೊಂಕು ಕುಂಬಳಕಾಯಿ, ಎರಡು ಮುದಿ ಬದನೆಕಾಯಿ.

ಆಮೇಲೆ ಬೀಗ ರಿಪೇರಿಯವನನ್ನು ಎಳೆದು ತಂದದ್ದಾಯಿತು. ಅವನು ಬೀಗಕ್ಕೆ ಕಿವಿಯಿಟ್ಟು, ಕುಟ್ಟಿ, ಮೂಸಿ ನೋಡಿದ. "ಇದು ವಿದೇಶದ್ದು. ನನ್ನ ಕಡ್ಡಿಯ ಭಾಷೆ ಇದಕ್ಕೆ ತಿಳಿಯಲ್ಲ" ಎಂದು ಕಡ್ಡಿ ಮುರಿದುಕೊಂಡು ಹೊರಟ. ಟೀ ಅಂಗಡಿಯವನು ಬಿಟ್ಟಿ ಸಲಹೆ ಕೊಟ್ಟ: "ಕುಂಬಳಕಾಯಿಂದಲೇ ಕುಟ್ಟಿ ನೋಡಿ ಅಳಿಯಂದಿರೇ." ಕುಟ್ಟಿದರು! ಬೀಗ ಹಾಗೇ ಇತ್ತು, ಕುಂಬಳಕಾಯಿ ಎರಡು ಹೋಳಾಯಿತು.

ಅಷ್ಟರಲ್ಲೇ ವ್ಯಾನು ಬಂತು. ಸಾಹೇಬರು ಬೆವರೊರೆಸುತ್ತಾ ಇಳಿದರು. ಹಿಂದೆಯೇ ಕಂಬದಂತೆ ಉದ್ದವಿದ್ದ ನರೆತಲೆಯ ಇಂಜಿನಿಯರು, ಮಾತು ದಾಟಿಸುವ ಹುಡುಗಿ, ತಲೆಗೆ ಬಣ್ಣದ ವಸ್ತ್ರ ಸುತ್ತಿದ್ದ ಒಬ್ಬ ದಪ್ಪನೆಯ ಹೆಂಗಸು. ಮೂರನೆಯ ದೇಶದವಳು ಇವಳೇ. ತನ್ನೂರಿನಲ್ಲಿ ಮೀನು ಮಾರಿಕೊಂಡಿದ್ದವಳು, ಈಗ ಅಲ್ಲಿನ ತಂಪುಮನೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು.

"ತೆಗೀರಿ ಅಂತಿದ್ದಾರೆ" ಎಂದಳು ಹುಡುಗಿ.

ಅಳಿಯಂದಿರ ಕಣ್ಣ ಮುಂದೆ ಎರಡು ಕೋಣೆಗಳೂ ರೆಕ್ಕೆ ಕಟ್ಟಿಕೊಂಡು ಹಾರಿಹೋದವು. "ಸಾರ್, ಬೀಗದಕೈ..." ಎಂದು ತೊದಲಿದರು.

"ಇಲ್ಲಿದೆ ಬಿಡಿ."

ಟೀ ಅಂಗಡಿಯ ಹಿಂದಿನಿಂದ ಅತ್ತೆ ನಿಧಾನವಾಗಿ ನಡೆದು ಬಂದರು. ಸೊಂಟದಿಂದ ಬೀಗದಕೈ ತೆಗೆದು ಸ್ವಂತ ಮನೆಯ ಬಾಗಿಲು ತೆಗೆಯುವ ಹಾಗೆ ತೆಗೆದರು.

ಒಳಗೆ ನೆಲದಿಂದ ಮಾಡಿನವರೆಗೆ ತರಕಾರಿ! ಟೊಮೆಟೊ ಒಂದು ಕಡೆ, ಸೊಪ್ಪು ಇನ್ನೊಂದು ಕಡೆ, ಹೂವಿನವಳ ಹೂವು, ಹಾಲಿನವನ ಕ್ಯಾನು. ಯಾರದು ಯಾವುದೆಂದು ತಿಳಿಯಲು ಬುಟ್ಟಿಗೊಂದು ಬಣ್ಣದ ಬಟ್ಟೆಚೂರು ಕಟ್ಟಿತ್ತು. ನೆಲ ಒರೆಸಿ ಫಳಫಳ ಹೊಳೆಯುತ್ತಿತ್ತು.

"ಅತ್ತೆ! ಇದು... ಯಾವಾಗಿಂದ?"

"ಬೀಗ ಹಾಕಿದ ಮಾರನೇ ದಿನದಿಂದ" ಎಂದರು ಅತ್ತೆ. "ಖಾಲಿ ಕೋಣೆ ತಣ್ಣಗೆ ಕೂತಿರುತ್ತೆ, ಆಚೆ ನಮ್ಮ ಸೊಪ್ಪು ಬಾಡುತ್ತೆ. ಯಾವ ಊರ ನ್ಯಾಯ ಅದು? ನೀವು ಹಾಲು ಕುಡಿದು ಮಲಗಿದ ಮೇಲೆ ಇಡ್ತಿದ್ವಿ, ಏಳೋದರೊಳಗೆ ತೆಗೆದು, ಒಳಗಿನ ತಂಪಿಗೆ ತಣ್ಣಗಾದ ಬೀಗದಕೈನ ದಿಂಬಿಗೆ ಸೇರಿಸ್ತಿದ್ದೆ. ಇವತ್ತು ನೀವೇ ಬೇಗ ಬಂದು ಇಲ್ಲೇ ಸುಳಿದಾಡ್ತಿದ್ರಿ, ಏನು ಮಾಡ್ಲಿ?"

ಮೀನಿನ ಹೆಂಗಸು ಒಂದು ಬಟ್ಟೆಚೂರು ಹಿಡಿದು ನೋಡಿ ಗಹಗಹಿಸಿ ನಕ್ಕಳು. ತನ್ನೂರಿನಲ್ಲೂ ಹೀಗೇ ಕಟ್ಟುತ್ತಾರೆಂದು ಕೈಸನ್ನೆಯಲ್ಲೇ ಹೇಳಿದಳು. ಅತ್ತೆ ಬೀಗ ತೋರಿಸಿ, ಅಳಿಯಂದಿರನ್ನು ತೋರಿಸಿ, ಗೊರಕೆ ಹೊಡೆದು ತೋರಿಸಿದರು. ಇಬ್ಬರೂ ಒಬ್ಬರ ಭುಜ ಒಬ್ಬರು ತಟ್ಟಿಕೊಂಡು ನಕ್ಕರು. ಮಾತು ದಾಟಿಸುವ ಹುಡುಗಿಗೆ ಕೆಲಸವೇ ಉಳಿಯಲಿಲ್ಲ.

ಕೊನೆಗೆ ಇಂಜಿನಿಯರು ಹೇಳಿದ್ದನ್ನು ಮಾತ್ರ ಅವಳು ದಾಟಿಸಿದಳು: "ಇಷ್ಟು ಚೆನ್ನಾಗಿ ಎಲ್ಲೂ ನಡೀತಿಲ್ಲವಂತೆ. ಇನ್ಮೇಲೆ ಇದನ್ನ ಈ ಅಮ್ಮನೇ ನಡೆಸಲಿ ಅಂತಿದ್ದಾರೆ. ಎರಡನೇ ತಂಪುಮನೇನೂ ಕೊಡ್ತಾರಂತೆ, ಈ ಪಕ್ಕದ ಎರಡು ಕೋಣೆ ಹೇಗೂ ಖಾಲಿ ಇವೆಯಲ್ಲ, ಅಲ್ಲೇ!"

ಹೆಂಗಸರ ಚಪ್ಪಾಳೆಗೆ ಮಾಡಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅಳಿಯಂದಿರೂ ಚಪ್ಪಾಳೆ ತಟ್ಟಿದರು, ತಟ್ಟದೆ ವಿಧಿಯಿರಲಿಲ್ಲ.

"ಕಾವಲುಗಾರ ಇನ್ನು ಯಾಕೆ ಅಂತ ಕೇಳ್ತಿದ್ದಾರೆ" ಎಂದಳು ಹುಡುಗಿ.

"ಛೆ, ಕೆಲಸದಿಂದ ತೆಗೀಬೇಡಿ, ಅವರು ನಮ್ಮವರೇ" ಎಂದರು ಅತ್ತೆ. "ನನ್ನ ಕೈಕೆಳಗೆ ಇರ್ಲಿ. ಬುಟ್ಟಿ ಹೊರೋಕೆ ಒಬ್ರು ಬೇಕೇ ಬೇಕು."

ಅಂದು ಊಟವಾದ ಮೇಲೆ ಅತ್ತೆ ಎಂದಿನಂತೆ ಬಿಸಿ ಹಾಲು ತಂದು ಕೈಗಿಟ್ಟರು. ಅಳಿಯಂದಿರು ಲೋಟವನ್ನೇ ದಿಟ್ಟಿಸಿದರು. "ಬೀಗದಕೈ ಈಗ ನಿಮ್ಮ ಹತ್ರಾನೇ ಇದೆಯಲ್ಲ ಅತ್ತೆ, ಇನ್ನು ಹಾಲು ಯಾಕೆ?"

"ಕುಡೀರಿ, ಕುಡಿದು ಬೇಗ ಮಲಗಿ ಅಳಿಯಂದಿರೇ" ಎಂದರು ಅತ್ತೆ. "ನಾಳೆ ಕೋಳಿ ಕೂಗೋ ಮುಂಚೆ ಏಳಬೇಕು. ಒಂದು ಲಾರಿ ಕುಂಬಳಕಾಯಿ ಬರ್ತಿದೆ."