ನಿಧಾನ ಹಾರುವ ವಿಮಾನ

ಅರವತ್ತರ ದಶಕದ ಕೊನೆಯಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಬಡಗಿ. ಬಿಡುವಿನಲ್ಲಿ ಆಟದ ವಿಮಾನ ಕಟ್ಟುತ್ತಿದ್ದೆ. ನೆಲದಿಂದಲೇ ಅದನ್ನು ತಿರುಗಿಸುವ ರೇಡಿಯೊ ಮಾಡಿಕೊಟ್ಟವನು ನಮ್ಮ ಎಲೆಕ್ಟ್ರಿಷಿಯನ್. ಈ ಹುಚ್ಚು ಬಿಡು ಅಂತ ಹೇಳೋರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ನಾನು ಬಿಡಲಿಲ್ಲ.

೧. ಹೊಳಲೂರಿನ ಗದ್ದೆ

ರೇಡಿಯೊ ಭಾರಕ್ಕೆ ವಿಮಾನ ಜೋರಾಗಿ ಹಾರಿದರಷ್ಟೇ ಮೇಲೆ ನಿಲ್ಲುತ್ತಿತ್ತು. ಇಳಿಯುವಾಗಲೂ ಅದೇ ಜೋರು. ಕೊಯ್ಲಾದ ಗದ್ದೆಯಲ್ಲಿ ಮೂರು ಸಲ ಇಳಿಸಿದೆ, ಮೂರು ಸಲವೂ ಮೂತಿ ಮಣ್ಣಲ್ಲಿ ಹೂತು ಫ್ಯಾನು ಮುರಿಯಿತು.

ಬದುವಿನ ಮೇಲೆ ಕೂತು ನೋಡುತ್ತಿದ್ದ ಗದ್ದೆಯ ಯಜಮಾನರು ಸಮಾಧಾನವಾಗಿ ಹೇಳಿದರು: "ಮಾರಾಯ, ಉಳೋಕೆ ಇನ್ನೂ ಟೈಮಿದೆ. ಮಳೆ ಬರ್ಲಿ."

೨. ಬಗ್ಗಿದ ರೆಕ್ಕೆ

ನಿಧಾನ ಇಳಿಸಲೇಬೇಕು ಅಂತ ಹಠ ಹುಟ್ಟಿತು. ರೆಕ್ಕೆಯ ಹಿಂದಿನ ಅಂಚಿಗೆ ಕೀಲು ಹಾಕಿ ಒಂದು ಪಟ್ಟಿ ಜೋಡಿಸಿದೆ. ಅದನ್ನು ಕೆಳಕ್ಕೆ ಬಗ್ಗಿಸಿದರೆ ವೇಗ ಕಮ್ಮಿಯಿದ್ದರೂ ಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಕಾರ್ಖಾನೆಗೇ ತಂದು ಊಟದ ಹೊತ್ತಲ್ಲಿ ಕೀಲು ಸರಿಮಾಡುತ್ತಿದ್ದಾಗ ನಮ್ಮ ಇಂಜಿನಿಯರ್ ಸಾಹೇಬರು ನೋಡಿದರು.

"ವಿಮಾನ ಇರೋದೇ ಬೇಗ ಹೋಗೋಕೆ. ನಿಧಾನ ಮಾಡಿದ್ರೆ ಇದು ಹಾರೋದಿಲ್ಲ. ನಾಳೆಯಿಂದ ಇದನ್ನ ಒಳಗೆ ತರಬೇಡ."

ಮರುದಿನ ರೆಕ್ಕೆ ಮಾತ್ರ ತಂದೆ.

"ತರಬೇಡ ಅಂದಿದ್ನಲ್ಲ?"

"ಇದು ವಿಮಾನ ಅಲ್ಲ ಸಾರ್, ಬರೀ ರೆಕ್ಕೆ. ಇದು ಹಾರೋದಿಲ್ಲ."

"ನಿನ್ನೆಯಿಂದ ನಾನು ಹೇಳ್ತಿರೋದೂ ಅದೇ," ಅಂದರು.

೩. ನವುಲೆಯ ಬಯಲು

ಭಾನುವಾರ ನವುಲೆ ಬಯಲಲ್ಲಿ ಹಾರಿಸ್ತೀನಿ, ಬಂದು ನೋಡಿ ಅಂತ ಸಾಹೇಬರಿಗೆ ಸವಾಲು ಹಾಕಿದೆ. ಹೆಂಡತಿಯನ್ನೂ ಕರೆದುಕೊಂಡು ಬಂದರು. ಎದುರುಗಾಳಿ ಬಲವಾಗಿತ್ತು. ಬಿದ್ದರೆ ಸೋಮವಾರ ಮುಖ ತೋರಿಸುವಂತಿರಲಿಲ್ಲ. ಪಟ್ಟಿಯನ್ನು ಪೂರ್ತಿ ಬಗ್ಗಿಸಿ ಬಿಟ್ಟೆ.

ವಿಮಾನ ಏರಿತು. ತೆಂಗಿನ ಮರದೆತ್ತರ ಹೋಗಿ ನಿಂತಲ್ಲೇ ನಿಂತಿತು. ಗಾಳಿ ಇನ್ನಷ್ಟು ಜೋರಾಯಿತು. ಮೂತಿ ಮುಂದಕ್ಕೇ ಇತ್ತು, ವಿಮಾನ ಮಾತ್ರ ಮೆಲ್ಲಗೆ ಹಿಂದಕ್ಕೆ ಬರತೊಡಗಿತು.

"ನೋಡಿದ್ಯಾ? ಮುಂದಕ್ಕೆ ಹೋಗ್ತಾನೇ ಇಲ್ಲ," ಅಂದರು ಸಾಹೇಬರು.

"ಬೀಳ್ತಾನೂ ಇಲ್ಲ ಸಾರ್," ಅಂದೆ.

ಎಣ್ಣೆ ಮುಗಿದು ಇಂಜಿನ್ ನಿಂತಿತು. ವಿಮಾನ ಬಾಲ ಮುಂದಾಗಿ ಸಾಹೇಬರ ತಲೆಯ ಕಡೆಗೇ ಇಳಿಯುತ್ತಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು.

ಅವರ ಹೆಂಡತಿ ತೋಳು ಹಿಡಿದು ಎಳೆದರು.

"ಪಕ್ಕಕ್ಕೆ ಬನ್ನಿ ಅಂದ್ರೆ. ಹಿಂದೆ ಹಿಂದೆ ಬಂದ್ರೂ ಅದು ನಿಮ್ಮ ಆಫೀಸಿನ ಫೈಲಿಗಿಂತ ಬೇಗ ಬರ್ತಿದೆ."