ಹಾಲು ಉಕ್ಕಿದ್ದು ಟೆಕ್ಸಾಸಿನಲ್ಲಿ

ಅಮೆರಿಕದ ಬಹುತೇಕ ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಹಾಕುತ್ತವೆ; ಟೆಕ್ಸಾಸಿನಲ್ಲಿ ಅದು ಇಲ್ಲ. ಸರಿಯೇ. ಆದರೆ ಇಲ್ಲೊಂದು ಮನೆ ಮಾಡಿದ ತಕ್ಷಣ, ಗಂಗೆಯಲ್ಲಿ ಮುಳುಗೆದ್ದ ಹಾಗೆ, ಬೇರೆ ರಾಜ್ಯಗಳ ತೆರಿಗೆಯೂ ತೊಳೆದುಹೋಯಿತು ಅಂತ ನಮ್ಮವರು ಅದು ಹೇಗೆ ನಂಬುತ್ತಾರೋ! ಡಲ್ಲಾಸ್ ಪಕ್ಕದ ಮೆಕಿನ್ನಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕನ್ನಡದವರಿಗೆಲ್ಲ ಟ್ಯಾಕ್ಸ್ ಫೈಲ್ ಮಾಡಿಕೊಡೋದು ನನ್ನ ಕೆಲಸ. ಫೆಬ್ರವರಿಯಲ್ಲಿ ಟ್ಯಾಕ್ಸ್ ಕಾಲ ಬಂತೆಂದರೆ ಆ ಮೇಜಿನ ಮೇಲೆ ಊಟಕ್ಕೆ ಜಾಗವೇ ಇರಲ್ಲ.

ಉಪ್ಪಿನ ಋಣ

ಡಲ್ಲಾಸಿನಲ್ಲಿ ಓದುವ ಹುಡುಗ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದಿದ್ದ.

"ಅಲ್ಲಿಯ ಟ್ಯಾಕ್ಸೂ ಫೈಲ್ ಮಾಡಬೇಕಪ್ಪ" ಅಂದೆ.

"ಯಾಕೆ ಆಂಟಿ? ನಾನು ಚಿಕ್ಕಮ್ಮನ ಮನೇಲಿದ್ದೆ. ನೆಂಟರ ಮನೆಗೆ ಹೋದ್ರೂ ಟ್ಯಾಕ್ಸಾ?"

"ನೆಂಟರ ಮನೆಯಿಂದ ದಿನಾ ಎಲ್ಲಿಗೆ ಹೋಗ್ತಿದ್ದೆ?"

"ಆಫೀಸಿಗೆ."

"ಆಫೀಸು ಎಲ್ಲಿತ್ತು?"

"ಅಲ್ಲೇ."

"ಮತ್ತೆ! ಎಲ್ಲಿ ದುಡಿದ್ಯೋ ಅಲ್ಲಿಗೆ ಕೊಡಲೇಬೇಕು. ಉಪ್ಪು ತಿಂದವನು ನೀರು ಕುಡೀಲೇಬೇಕು ಕಣೋ."

"ಉಪ್ಪು ಚಿಕ್ಕಮ್ಮಂದು ಆಂಟಿ! ಬೇಕಾದ್ರೆ ಫೋನ್ ಮಾಡಿ ಕೇಳಿ."

ಕೂಡಿಸಿದರೆ ಒಂಬತ್ತು

ಹ್ಯೂಸ್ಟನ್ ಆಚೆಯ ದ ವುಡ್‌ಲ್ಯಾಂಡ್ಸ್‌ನಿಂದ ಧಾರವಾಡದ ಕಡೆಯವರೊಬ್ಬರು ಫೋನ್ ಮಾಡಿದರು. ಕಂಪನಿ ಕ್ಯಾಲಿಫೋರ್ನಿಯಾದ್ದು, ಕೆಲಸ ಪೂರ್ತಿ ಇಲ್ಲಿಯ ಮನೆಯಿಂದಲೇ. ಆದರೂ ಪ್ರತಿ ಸಂಬಳದಲ್ಲೂ ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಹಿಡೀತಾ ಇದ್ದರು. ಯಾಕೆ ಅಂತ ನೋಡಿದರೆ, ಆಫೀಸಿನಲ್ಲಿ ಇನ್ನೂ ಕ್ಯಾಲಿಫೋರ್ನಿಯಾದ ಹಳೇ ಮನೆಯ ವಿಳಾಸ!

"ವಿಳಾಸ ಬದಲಾಯಿಸಿ ಸಾರ್, ಹಿಡಿದದ್ದನ್ನ ವಾಪಸ್ ಕೇಳೋಣ."

"ಬದಲಿ ಮಾಡಂಗಿಲ್ರೀ. ಆ ಮನಿ ನಂಬರ್ ಕೂಡಿಸಿದ್ರ ಒಂಬತ್ತು ಬರ್ತೈತಿ. ಅಲ್ಲಿದ್ದಾಗ ಎರಡು ಪ್ರಮೋಷನ್ ಆತು."

"ಇಲ್ಲಿಗೆ ಬಂದ ಮೇಲೆ ಎಷ್ಟಾಯ್ತು?"

"ಒಂದೂ ಇಲ್ರೀ." ನಿಟ್ಟುಸಿರು ಬಿಟ್ಟರು. "ಈಗ ಆ ಮನ್ಯಾಗ ಯಾರದಾರೋ, ನನ್ನ ಪ್ರಮೋಷನ್ ಎಲ್ಲಾ ಅವನಿಗೇ ಹೊಂಟಾವ್ರೀ."

ಕಾಫಿ ಎಲ್ಲಿ ಕುಡಿದ್ರಿ?

ಇದನ್ನು ಮಾತ್ರ ನಾನು ಸಾಯೋವರೆಗೂ ಮರೆಯಲ್ಲ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಿಂದ ಮೈಸೂರಿನ ಗಂಡ ಹೆಂಡತಿ ಬಂದರು, ಜೊತೆಗೆ ಗಂಡನ ತಾಯಿ. ಹಿಂದಿನ ವರ್ಷ ಬಂದ ದೊಡ್ಡ ಬೋನಸ್ಸಿಗೆ ತೆರಿಗೆ ಎಲ್ಲಿ ಅಂತ ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಇಲಾಖೆಯಿಂದ ಕಾಗದ ಬಂದಿತ್ತು. ಆ ಬೋನಸ್ಸನ್ನೋ, ಇವರು ಆಗಲೇ ಹೊಸ ಮನೆಯ ಸಾಲಕ್ಕೆ ಸುರಿದಾಗಿತ್ತು.

"ಬೋನಸ್ ಬಂದಾಗ ನಾವು ಟೆಕ್ಸಾಸಿನವರು ಆಂಟಿ" ಅಂದ.

"ಹಾಗಾದ್ರೆ ಭಯ ಯಾಕೆ? ಯಾವಾಗ ಶಿಫ್ಟ್ ಆದ್ರಿ?"

"ಜ್ಯೇಷ್ಠದಲ್ಲೇ" ಅಂದಳು ಹೆಂಡತಿ. "ಆಷಾಢ ಹುಟ್ಟೋ ಮೊದಲು ಒಳ್ಳೇ ಮುಹೂರ್ತ ನೋಡಿ, ಬಂದು ಹಾಲುಕ್ಕಿಸಿದ್ವಿ. ಫೋಟೋ ಇದೆ, ನೋಡಿ."

ನೋಡಿದೆ. ಹಾಲು ಒಲೆ ತುಂಬಾ ಹರಿದಿತ್ತು. ನನಗೂ ಧೈರ್ಯ ಬಂತು.

"ಆಮೇಲೆ?"

"ಆಮೇಲೆ ವಾಪಸ್ ಹೋದ್ವಿ."

"ಎಲ್ಲಿಗೆ?"

"ಕ್ಯಾಲಿಫೋರ್ನಿಯಾಗೆ. ಇವರಿಗೆ ಅಲ್ಲಿ ಆಫೀಸ್ ಇತ್ತಲ್ಲ. ಶ್ರಾವಣದಲ್ಲಿ ಸಾಮಾನು ಸಮೇತ ಬಂದ್ವಿ."

"ಬೋನಸ್ ಬಂದದ್ದು?"

"ಆಷಾಢದಲ್ಲಿ."

"ಅಯ್ಯೋ ರಾಮ! ಅಲ್ಲೇ ವಾಸ, ಅಲ್ಲೇ ಕೆಲಸ. ಇನ್ನು ತೆರಿಗೇನೂ ಅಲ್ಲಿಗೇ!"

"ಹಾಗಾದ್ರೆ ಹಾಲುಕ್ಕಿಸಿದ್ದಕ್ಕೆ ಬೆಲೆನೇ ಇಲ್ವಾ?" ಅವಳ ಕಣ್ಣಲ್ಲಿ ನೀರೇ ಬಂತು.

"ದೇವರ ಲೆಕ್ಕದಲ್ಲಿ ಇದೆ ತಾಯಿ. ಆದರೆ ಹಾಲು ಎಲ್ಲಿ ಉಕ್ಕಿತು ಅಂತ ಟ್ಯಾಕ್ಸಿನವರು ಕೇಳಲ್ಲ. ಬೆಳಗ್ಗೆ ಎದ್ದು ಕಾಫಿ ಎಲ್ಲಿ ಕುಡಿದ್ರಿ ಅಂತ ಕೇಳ್ತಾರೆ."

ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ನಿಧಾನವಾಗಿ ಮಗನ ಕಡೆ ತಿರುಗಿದರು.

"ಆಷಾಢದಲ್ಲಿ ಯಾವ ಶುಭ ಕೆಲಸಾನೂ ಬೇಡ ಅಂತ ಬಡ್ಕೊಂಡೆ. ನೀನು ಮನೆ ಬದಲಾಯಿಸೋದೊಂದು ಬಿಟ್ಟೆ. ಬೋನಸ್ ಯಾಕೋ ತಗೊಂಡೆ?"