ಮೀಸೆ ಬಂತು, ಮಾತು ಹೋಯಿತು

ಬಸವಕಲ್ಯಾಣದ ಶಕುಂತಲಾಬಾಯಿಗೆ ತನ್ನ ಕಿವಿಯ ಮೇಲೆ ಬಹಳ ಭರವಸೆ. ಎಪ್ಪತ್ತು ದಾಟಿದರೂ ಕಿವಿ ಗಟ್ಟಿ. ಕೆಟ್ಟಿರುವುದು ಊರ ಮಂದಿಯ ನಾಲಿಗೆ. ಸೊಸೆ ಬಾಯಲ್ಲಿ ಹಿಟ್ಟು ತುಂಬಿಕೊಂಡಂತೆ ಮಾತಾಡುತ್ತಾಳೆ, ಮೊಮ್ಮಗಳು ಐಶ್ವರ್ಯ ಮಾತನ್ನು ನುಂಗುತ್ತಾಳೆ, ಟೀವಿಯವರಂತೂ ಬರೀ ಗೊಣಗುತ್ತಾರೆ. ಅಚ್ಚುಕಟ್ಟಾಗಿ ಮಾತಾಡುವವನು ಇಡೀ ತಾಲೂಕಿನಲ್ಲಿ ಒಬ್ಬನೇ, ಆಕೆಯ ಗಂಡ ಮಹಾರುದ್ರಪ್ಪ. (ಬೇರೆ ಯಾವ ವಿಷಯದಲ್ಲೂ ಆತನಿಗೆ ಇಷ್ಟು ಹೊಗಳಿಕೆ ಸಿಕ್ಕಿದ್ದಿಲ್ಲ.)

ಆತನದು ಒಂದೇ ಅಪರಾಧ. ಎಂಟು ವರ್ಷದ ಹಿಂದೆ, ತುಟಿ ಮುಚ್ಚುವಂಥ ಮೀಸೆಯನ್ನು ಬೋಳಿಸಿಕೊಂಡು ಬಂದಿದ್ದ. ಯಾಕೆಂದು ಕೇಳಿದರೆ, "ಬೆಳ್ಳಗಾಗಿತ್ತು, ತೆಗಿಸಿದೆ" ಅಂದಿದ್ದ.

ಐಶ್ವರ್ಯಳ ಮದುವೆ ಗೊತ್ತಾದದ್ದೇ ತಡ, ಶಕುಂತಲಾಬಾಯಿಯ ಅಪ್ಪಣೆ ಹೊರಟಿತು. "ಫೋಟೋದಾಗ ಸಿಪ್ಪಿ ಸುಲಿದ ಬಟಾಟಿ ಹಂಗ ಕಾಣಬ್ಯಾಡ್ರಿ. ಮೀಸಿ ಬಿಡ್ರಿ."

"ಬ್ಯಾಡ ಬಿಡು, ನಿನಗ ತೊಂದ್ರಿ ಆಗತದ."

"ಮೀಸಿ ಹೊರೋದು ನಿಮ್ಮ ತುಟಿ. ನನಗೇನ್ ತೊಂದ್ರಿ?"

ತಿಂಗಳೊಪ್ಪತ್ತಿನಲ್ಲಿ ಮೀಸೆ ಹಳೇ ಗುಡಿಸಲಿನ ಸೂರಿನಂತೆ ಇಳಿಬಿತ್ತು. ಹಿಂದೆಯೇ ಅನಾಹುತ: ಮಹಾರುದ್ರಪ್ಪನ ಗಂಟಲು ಹೋಯಿತು. ಹಾಗಂತ ಹೆಂಡತಿಯ ತೀರ್ಪು. "ಏನ್ ಗುಣುಗುಣು ಅನ್ನಾಕತ್ತೀರಿ?" ಎಂದು ಮೂರು ಹೊತ್ತೂ ಮೆಣಸಿನ ಕಷಾಯ ಕುಡಿಸಿದಳು. ಆತ ಕಣ್ಣೀರು ಒರೆಸಿಕೊಂಡು ಕುಡಿದ. ಆಕೆಗೆ ಒಳಗೊಳಗೇ ಹೆದರಿಕೆ. ಐವತ್ತು ವರ್ಷ ಕೇಳಿದ ಮಾತು, ಇನ್ನು ಕೇಳದೇ ಹೋದರೆ? ಕಡೆಗೆ ಹುಮನಾಬಾದಿನ ಡಾಕ್ಟರ ಬಳಿ ಎಳೆದೊಯ್ದಳು.

"ಸಾಹೇಬ್ರ, ಇವ್ರ ಗಂಟಲ ನೋಡ್ರಿ. ಅರ್ಧಾ ಮಾತು ಒಳಗೇ ಉಳೀತಾವ."

ಡಾಕ್ಟರು ಗಂಟಲು ನೋಡಿದರು, ಮೀಸೆ ನೋಡಿದರು, ಆಮೇಲೆ ಆಕೆಯನ್ನೇ ನೋಡಿದರು. ಒಂದು ಕಾಗದವನ್ನು ತಮ್ಮ ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದರು.

"ಅಯ್ಯ, ನಿಮ್ದೂ ಗಂಟಲ ಹೋಗೇದೇನ್ರಿ?"

ಡಾಕ್ಟರು ಕಾಗದ ಇಳಿಸಿ ನಿಧಾನವಾಗಿ ಹೇಳಿದರು: "ಅಮ್ಮಾರ, ವಯಸ್ಸಾದ ಮ್ಯಾಲ ಹಿಂಗಾಗತದ. ದನಿ ಕೇಳತದ, ಮಾತು ಬಿಡಿಸಿ ತಿಳಿಯೋದಿಲ್ಲ. ನೀವು ತುಟಿ ನೋಡಿ ತಿಳ್ಕೊಳ್ಳಾಕತ್ತೀರಿ."

ಶಕುಂತಲಾಬಾಯಿ ಗಂಡನ ಕಡೆ ತಿರುಗಿದಳು. ಆತ ಎರಡು ಬೆರಳಿನಿಂದ ಮೀಸೆ ಮೇಲೆತ್ತಿ ಹಿಡಿದು, "ಎಂಟು ವರ್ಷ ಆತು" ಅಂದ.

ಕಿವಿಗೆ ಮಷೀನು ಬಂತು. "ಇನ್ನ ಮೀಸಿ ಇರ್ಲಿ" ಎಂದಳು. ಆದರೂ ಮದುವೆಯ ಮುಂಜಾನೆ ಆತ ನುಣ್ಣಗೆ ಬೋಳಿಸಿಕೊಂಡು ಬಂದ.

"ಮಷೀನ್ ಅದಲ್ರಿ, ಮತ್ಯಾಕ ತೆಗಿಸಿದ್ರಿ?"

"ಬ್ಯಾಂಡಿನ ಗದ್ದಲದಾಗ ಮಷೀನ್ ಏನ್ ಮಾಡತದ? ಫೋಟೋ ಹ್ಯಾಂಗರ ಬರ್ಲಿ, ನಿನ್ನ ಕೂಡ ಮಾತಾಡಬೇಕಲ್ಲ."

ಆಕೆ ಏನೋ ಹೇಳಲು ಹೋದಳು. ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಇದಕ್ಕೇ ಕಾದಿದ್ದವನಂತೆ ಮಹಾರುದ್ರಪ್ಪ ಅಡುಗೆಮನೆಗೆ ಹೋಗಿ, ಒಂದು ಲೋಟ ಮೆಣಸಿನ ಕಷಾಯ ತುಂಬಿಕೊಂಡು ಬಂದ.